ಜಟ್ಟ ಫೈಬರ್ ದೋಣಿ ಸಾಗಹಾಕಿದ್ದು

ಕಡಲ ಕರೆಯಲ್ಲಿ ದುರ್ಗಿ ಅಂತ ಒಬ್ಬಳಿದ್ದಳು, ಅವಳಿಗೆ ಜಟ್ಟ ಅಂತ ಒಬ್ಬನೇ ಮಗ. ಕೈಕಾಲು ಗಟ್ಟಿ, ತಲೆ ಮಾತ್ರ ಟೊಳ್ಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ತಾಯಿಗೆ ತಲೆನೋವು. ಗಂಡ ಕಡಲಲ್ಲಿ ಸತ್ತ ಮೇಲೆ ಅವನ ಫೈಬರ್ ದೋಣಿ ಒಡೆದುಕೊಂಡು ಮನೆ ಎದುರು ಬಿದ್ದಿತ್ತು. ದುರ್ಗಿಗೋ ಉಬ್ಬಸ. ತಾನು ಹೋದರೆ ಈ ಪೆದ್ದನ ಗತಿ ಏನು ಅನ್ನೋದೇ ಅವಳ ಚಿಂತೆ.

“ಮಗಾ, ಆ ದೋಣಿ ನನ್ನ ಕಣ್ಣಿಗೆ ಬೀಳದ ಹಾಗೆ ಮಾಡು,” ಅಂದಳು.

ಜಟ್ಟ ಅವಳ ಮಂಚವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟ.

“ಮಂಚ ಅಲ್ಲ ಪೆದ್ದ, ದೋಣಿ. ಅದರ ಹೆಸರೂ ಇಲ್ಲಿ ಉಳೀಬಾರದು.”

ಹೆಸರು ತಾನೇ, ಅದೇನು ಮಹಾ ಕೆಲಸ. ದೋಣಿ ರಿಪೇರಿಯ ಬಾಬಣ್ಣನ ಉಜ್ಜುವ ಮಶಿನ್ ತಂದು, ದೋಣಿಯ ಮೇಲೆ ಬರೆದಿದ್ದ ‘ಜಲರಾಣಿ’ಯನ್ನು ಉಜ್ಜಿ ಉಜ್ಜಿ ತೆಗೆದ. ಪುಡಿ ಎದ್ದು ಮನೆಯೊಳಗೆ ನುಗ್ಗಿತು. ಅನ್ನದ ಮೇಲೆ ಪುಡಿ, ಮಂಚದ ಮೇಲೆ ಪುಡಿ. ದುರ್ಗಿ ಕೆಮ್ಮಿ ಕೆಮ್ಮಿ ಮುದುಡಿಕೊಂಡು ಬಿದ್ದಳು.

ಬಾಬಣ್ಣ ಓಡಿ ಬಂದ. “ಫೈಬರ್ ಅಂದ್ರೆ ಗಾಜಿನ ಎಳೆ, ಅದು ಗಾಜಿನ ಪುಡಿ ಮಾರಾಯ. ಅಮ್ಮನನ್ನ ಕೊಲ್ತೀಯಾ?”

ದುರ್ಗಿ ಉಸಿರು ಎಳೆದುಕೊಳ್ಳುತ್ತಾ ಬುದ್ಧಿ ಹೇಳಿದಳು. “ಕೇಳು ಮಗಾ. ಸುಡಬೇಡ, ಹೊಗೆ ವಿಷ. ಹೂಳಬೇಡ, ಮಣ್ಣು ಹಾಳು. ಕಡಲಿಗೆ ಬಿಡಬೇಡ, ಮೀನು ಸಾಯ್ತವೆ. ಬಾಬಣ್ಣ ಪುಡಿ ಏಳದ ಹಾಗೆ ನೀರು ಹಾಕಿ ಕೊಯ್ದು ಕೊಡ್ತಾನೆ. ನೀನು ಟಾರ್ಪಾಲಿನಲ್ಲಿ ಸುತ್ತಿ, ರಸ್ತೆ ಬದಿಗಿಟ್ಟು, ಪಂಚಾಯ್ತಿಯ ಕಸದ ಗಾಡಿಗೆ ಕೈ ಅಡ್ಡ ಹಿಡಿ. ಒಯ್ತೇವೆ ಅಂತ ಅವರೇ ಹೇಳಿದ್ದಾರೆ.”

ಈ ಸಲ ಜಟ್ಟ ಒಂದರಲ್ಲೂ ತಪ್ಪಲಿಲ್ಲ. ಗಾಡಿ ತುಂಡುಗಳನ್ನು ಹೊತ್ತುಕೊಂಡು ಹೋಯಿತು. ದುರ್ಗಿ ಮಗನ ತಲೆ ಸವರಿದಳು. “ನೀನು ಜಾಣ. ನಾನು ಹೋದ ಮೇಲೂ ಹೀಗೇ ಮಾಡು, ತಿಳೀತಾ?” ಹುಟ್ಟಿದಾಗಿನಿಂದ ಯಾರೂ ಅವನನ್ನು ಜಾಣ ಅಂದಿರಲಿಲ್ಲ. ಜಟ್ಟನಿಗೆ ಹಿಡಿಸಲಾರದಷ್ಟು ಖುಷಿಯಾಯಿತು.

ಆದರೆ ಆ ಪುಡಿ ಕುಡಿದ ಎದೆ ಎಷ್ಟು ದಿನ ತಡೆದೀತು? ಮಳೆಗಾಲಕ್ಕೆ ಮುಂಚೆ ಒಂದು ಬೆಳಗ್ಗೆ ದುರ್ಗಿ ಏಳಲೇ ಇಲ್ಲ. ಬಾಬಣ್ಣ ಸೌದೆ ಹೊಂದಿಸಲು ಹೋದ. ತಿರುಗಿ ಬಂದರೆ ಮಂಚ ಖಾಲಿ.

ರಸ್ತೆ ಬದಿಯಲ್ಲಿ ಜಟ್ಟ ಅಳುತ್ತಾ ನಿಂತಿದ್ದ. ಕಾಲ ಬುಡದಲ್ಲಿ ಟಾರ್ಪಾಲಿನ ಉದ್ದನೆಯ ಕಟ್ಟು.

“ಎಂತ ಮಾಡಿದ್ಯಾ ಪಾಪಿ? ಅವಳನ್ನ ಸುಡಬೇಕಲ್ವಾ!”

“ಸುಡಬಾರದು ಬಾಬಣ್ಣ, ಅಮ್ಮ ಹೇಳಿದ್ದಾಳೆ. ಹೂಳಲೂಬಾರದು.”

ತಿರುವಿನಲ್ಲಿ ಪಂಚಾಯ್ತಿ ಗಾಡಿ ಕಾಣಿಸಿತು. ಜಟ್ಟ ಕಣ್ಣೊರೆಸಿಕೊಂಡು ಕೈ ಅಡ್ಡ ಹಿಡಿದ.

“ಮೆಲ್ಲಗೆ ಎತ್ತಿ ಅಣ್ಣ,” ಅಂದ ಡ್ರೈವರನಿಗೆ. “ಇವಳನ್ನ ಕೊಯ್ಯೋದು ಬೇಡ. ಸಣ್ಣಗಿದ್ದಾಳೆ, ಇಡಿಯಾಗೇ ಹಿಡಿಸ್ತಾಳೆ.”