ಪಟ್ಟದ ರಾಣಿಯ ಕೆನ್ನೆ

ಮೈಸೂರಿನ ವಕೀಲ ನಂಜರಾಜಯ್ಯನವರಿಗೆ ಹಳೇ ಗೊಂಬೆ ಕೂಡಿಡುವ ಹುಚ್ಚು. ಎಲ್ಲವೂ ಗಾಜಿನ ಬೀರುವಿನಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ. ಮನೆಯವರು ಯಾರೂ ಮುಟ್ಟುವಂತಿಲ್ಲ.

ದಸರೆಗೆ ಮುಂಚೆ ಅವರು ಪಟ್ಟದ ರಾಣಿಗೊಂಬೆಯನ್ನು ತಂದು ಗೊಂಬೆ ರಿಪೇರಿಯ ಚಿಕ್ಕತಾಯಮ್ಮನ ಮುಂದಿಟ್ಟರು. ಮರದ ರಾಣಿಯ ಒಂದು ಕೆನ್ನೆಯ ಬಣ್ಣ ಪೂರ್ತಿ ಸವೆದಿತ್ತು.

"ಬಣ್ಣ ಹಚ್ಚು. ಆದರೆ ಹೊಸದಾಗಿ ಹಚ್ಚಿದ್ದು ಅಂತ ಯಾರಿಗೂ ಗೊತ್ತಾಗಕೂಡದು. ಗೊತ್ತಾಯಿತೋ, ಈ ಬೀದೀಲಿ ನೀನು ಅಂಗಡಿ ಇಟ್ಟ ಹಾಗೇ!"

ಚಿಕ್ಕತಾಯಮ್ಮ ಗೊಂಬೆಯನ್ನು ತಿರುಗಿಸಿ ನೋಡಿದಳು. "ಈ ಕೆನ್ನೆ ಸವೆಸಿದ್ದು ಯಾರು ಸ್ವಾಮಿ?"

"ನಮ್ಮಮ್ಮ. ತವರಿಂದ ತಂದದ್ದು. ಚಿಕ್ಕಂದಿನಲ್ಲಿ ಇದರ ಕೆನ್ನೆಗೆ ಕೆನ್ನೆ ಒತ್ತಿಕೊಂಡೇ ಮಲಗುತ್ತಿದ್ದಳಂತೆ."

"ಈಗ ಎಲ್ಲಿದ್ದಾರೆ?"

"ಮನೇಲೇ ಇದ್ದಾಳೆ. ಯಾಕೆ?"

"ಬಣ್ಣ ನಾನು ಹಚ್ತೀನಿ. ಅದನ್ನ ಹಳೇದು ಮಾಡೋ ಕೆಲಸ ನನಗೆ ಬರಲ್ಲ. ಅದು ಬರೋದು ಅವರೊಬ್ಬರಿಗೇ. ಅವರ ಕೈಗೆ ಕೊಡಿ."

ವಾದ ಹೂಡಲು ವಕೀಲರು ಬಾಯಿ ತೆರೆದರು. ಆಮೇಲೆ ಜೇಬಿನಲ್ಲಿದ್ದ ಬೀರುವಿನ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು.

ಆ ದಸರೆಗೆ ಗೊಂಬೆ ನೋಡಲು ಬಂದವರು ಕೇಳಿದರು, "ರಾಜನ ಪಕ್ಕ ರಾಣಿ ಇಲ್ಲವಲ್ಲ?"

ನಂಜರಾಜಯ್ಯನವರು ಒಳಕೋಣೆಯತ್ತ ನೋಡಿದರು. ಅಲ್ಲಿ ಅಮ್ಮ ರಾಣಿಯ ಹೊಸ ಬಣ್ಣದ ಕೆನ್ನೆಗೆ ಕೆನ್ನೆಯಿಟ್ಟು ನಿದ್ದೆಹೋಗಿದ್ದರು.

"ಮೆಲ್ಲಗೆ ಮಾತಾಡಿ," ಎಂದರು ವಕೀಲರು. "ರಿಪೇರಿ ನಡೀತಾ ಇದೆ."