ತಾಯಿ ಬಡಿಸಿದ ಹೋಳಿಗೆ

"ಗುರುಗಳೇ, ಪರರ ಏಳಿಗೆ ಕಂಡು ಹೊಟ್ಟೆಕಿಚ್ಚು ಪಡುವವರನ್ನು ನೋಡಿದ್ದೇನೆ. ಅದು ಅರ್ಥವಾಗುತ್ತದೆ. ಆದರೆ ಯಾರಿಗೆ ಒಳ್ಳೆಯದಾಗಲಿ ಎಂದು ನಾವೇ ಹರಕೆ ಹೊತ್ತಿದ್ದೆವೋ, ಅವರಿಗೆ ಒಳ್ಳೆಯದಾದಾಗ ನಮ್ಮ ಎದೆ ಯಾಕೆ ಉರಿಯುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು. "ಒಬ್ಬ ತಾಯಿಯ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಹಪ್ಪಳ ಮಾಡಿ ಮಾರುವ ವಿಧವೆಯೊಬ್ಬಳಿದ್ದಳು. ಹೆಸರು ಹಾಲಮ್ಮ. ಅವಳಿಗೆ ಒಬ್ಬಳೇ ಮಗಳು, ಕೋಮಲಾ. ಮಗಳು ಅದೇ ಊರಿನ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಇಬ್ಬರದೂ ಭಾರಿ ಮೈ. ತಾಯಿ ನೂರೆಂಟು ಕಿಲೋ, ಮಗಳು ನೂರಿಪ್ಪತ್ತು. ಇಬ್ಬರೂ ಜೊತೆಯಾಗಿ ಬೀದಿಗಿಳಿದರೆ ನೋಡಿದವರು "ಒಂದೇ ಎರಕ" ಎನ್ನುತ್ತಿದ್ದರು. ಕೆಲವರು ಅದನ್ನು ಪ್ರೀತಿಯಿಂದ ಅನ್ನುತ್ತಿದ್ದರು, ಕೆಲವರು ನಗುವುದಕ್ಕೆ. ಹೊರಗೆ ಯಾರಾದರೂ ಏನಾದರೂ ಅಂದ ದಿನ ತಾಯಿ ಮಗಳು ಮನೆಗೆ ಬಂದು, ಅಂದವರ ಧಾಟಿಯಲ್ಲೇ ಅವರನ್ನು ಅಣಕಿಸಿ ನಗುತ್ತಿದ್ದರು. ಆಮೇಲೆ ಕರಿದ ಹಪ್ಪಳದ ಡಬ್ಬಿಯನ್ನು ನಡುವೆ ಇಟ್ಟುಕೊಂಡು, ಅದು ಖಾಲಿಯಾಗುವ ತನಕ ತಿನ್ನುತ್ತಿದ್ದರು. ಹಾಲಮ್ಮನಿಗೆ ಅದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ.

ಮೂವತ್ತೆರಡನೆಯ ವಯಸ್ಸಿಗೇ ಮಗಳಿಗೆ ಸಕ್ಕರೆ ಕಾಯಿಲೆ ಬಂತು. ಮಲಗಿದರೆ ಉಸಿರು ಕಟ್ಟತೊಡಗಿತು. ಅಂಚೆ ಕಚೇರಿಯ ನಾಲ್ಕು ಮೆಟ್ಟಿಲು ಹತ್ತಿ ಕಂಬ ಹಿಡಿದು ನಿಲ್ಲುವಂತಾಯಿತು. ಹಾಲಮ್ಮ ಮನೆದೇವರಿಗೆ ಹರಕೆ ಹೊತ್ತಳು. ಕಾಣಿಕೆ ಕಟ್ಟಿಟ್ಟಳು. ಮಗಳನ್ನು ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದವಳೂ ಅವಳೇ.

ವೈದ್ಯರು ತೂಕ ಇಳಿಸುವ ಆಪರೇಷನ್ ಮಾಡಬಹುದು ಎಂದರು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರೆ, ಉಳಿದ ಕಾಲು ಪಾಲನ್ನು ಹೊಲಿಯುತ್ತಾರೆ. ಆಮೇಲೆ ಒಂದು ಹಿಡಿ ಅನ್ನಕ್ಕೇ ಹೊಟ್ಟೆ ತುಂಬುತ್ತದೆ. ಜೀವಮಾನವಿಡೀ ಮಾತ್ರೆ ತಪ್ಪಿಸುವಂತಿಲ್ಲ, ಅವಸರದಲ್ಲಿ ಉಣ್ಣುವಂತಿಲ್ಲ, ಸಿಹಿ ತಿಂದರೆ ಬೆವರಿ ನಡುಗಿ ಬೀಳುವಂತಾಗುತ್ತದೆ, ಅದನ್ನು ಮುಟ್ಟದಿದ್ದರೆ ಒಳ್ಳೆಯದು. ಇಷ್ಟನ್ನೂ ಬಿಡಿಸಿ ಹೇಳಿದರು. ಕೋಮಲಾ ಒಪ್ಪಿದಳು.

ಸ್ಕ್ಯಾನ್ ಮಾಡಿಸಲು ಮಗಳನ್ನು ಒಳಗೆ ಕರೆದೊಯ್ದಾಗ ಹಾಲಮ್ಮ ವೈದ್ಯರ ಎದುರು ಒಬ್ಬಳೇ ಉಳಿದಳು. ಸೆರಗು ಸರಿಮಾಡಿಕೊಂಡು ಕೇಳಿದಳು: "ಸಾರ್, ನನಗೂ ಮಾಡಬಹುದಾ?"

ಅವಳು ಚೀಲದಿಂದ ತೆಗೆದುಕೊಟ್ಟ ಹಳೆಯ ಆಸ್ಪತ್ರೆ ಚೀಟಿಗಳನ್ನೆಲ್ಲ ವೈದ್ಯರು ತಿರುವಿ ನೋಡಿದರು. "ನಿಮ್ಮ ಹೃದಯ ಅಷ್ಟು ತಡೆಯೋದಿಲ್ಲಮ್ಮ" ಎಂದರು.

ಹಾಲಮ್ಮ ಆಗಲಿ ಎಂಬಂತೆ ತಲೆಯಾಡಿಸಿದಳು. ಮಗಳು ಹೊರಗೆ ಬಂದಾಗ ಈ ಮಾತು ಎತ್ತಲಿಲ್ಲ.

ದಸರೆ ಮುಗಿದ ವಾರ ಆಪರೇಷನ್ ಆಯಿತು. ಮಗಳನ್ನು ಮನೆಗೆ ಕರೆತಂದ ಮೇಲೆ ಹಾಲಮ್ಮ ಒಂದು ತಿಂಗಳು ಹಪ್ಪಳದ ಕೆಲಸ ನಿಲ್ಲಿಸಿದಳು. ಬೇಳೆಯ ಕಟ್ಟು, ಗಂಜಿಯ ತಿಳಿ, ನೀರು ಮಜ್ಜಿಗೆ ಎಲ್ಲವನ್ನೂ ಬಟ್ಟೆಯಲ್ಲಿ ಸೋಸಿ, ಔಷಧದ ಬಾಟಲಿಯ ಮುಚ್ಚಳದಲ್ಲಿ ಅಳೆದು, ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಎರಡು ಗುಟುಕು ಹೆಚ್ಚಾದರೆ ಮಗಳಿಗೆ ವಾಂತಿಯಾಗುತ್ತಿತ್ತು. ಹಾಲಮ್ಮ ಬೆನ್ನು ನೀವುತ್ತಿದ್ದಳು, ಬಟ್ಟಲು ತೊಳೆಯುತ್ತಿದ್ದಳು. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂದ ಒಂದು ಮಧ್ಯಾಹ್ನ ಮಗಳು ಗೋಡೆಗೆ ಮುಖ ಮಾಡಿ ಅತ್ತಳು.

"ಅವ್ವಾ, ನಾನು ತಪ್ಪು ಮಾಡಿದೆನಾ?"

"ಇಲ್ಲ ಕಣೇ. ಎಲ್ಲ ಸರಿಹೋಗುತ್ತೆ" ಎಂದಳು ಹಾಲಮ್ಮ.

ಆ ದಿನಗಳಲ್ಲಿ ಹಾಲಮ್ಮ ನಿದ್ದೆಗೆಟ್ಟಳು, ಸೊಂಟ ನೋಯಿಸಿಕೊಂಡಳು. ಆದರೂ ಅವಳಿಗೆ ಒಂದು ದಿನವೂ ಬೇಸರವಾಗಲಿಲ್ಲ. ಮಗಳು ಹಸುಗೂಸಿನಂತೆ ಅವಳ ಕೈಯನ್ನೇ ನೋಡುತ್ತಿದ್ದಳು. ಇದು ಹೀಗೇ ಇದ್ದರೂ ಆದೀತು ಎಂದು ತಾಯಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಅವಳು ವಿಚಾರಿಸಿ ನೋಡಲಿಲ್ಲ.

ಹೀಗೇ ಇರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮಗಳು ಎದ್ದು ಓಡಾಡಿದಳು. ಮೆತ್ತಗಿನ ಅನ್ನ ಉಂಡಳು. ಕೆಲಸಕ್ಕೆ ಹೋದಳು. ತೂಕ ಇಳಿಯತೊಡಗಿತು. ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ವೈದ್ಯರು ಒಂದೊಂದಾಗಿ ಬಿಡಿಸಿದರು. ಉಸಿರು ಕಟ್ಟುವುದು ನಿಂತಿತು. ಹಾಲಮ್ಮ ಮನೆದೇವರಿಗೆ ಹೋಗಿ ಹರಕೆ ತೀರಿಸಿ ಬಂದಳು. ಬರುವಾಗ ಅವಳ ಮನಸ್ಸು ಭಾರವಾಗಿತ್ತು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮೂರನೆಯ ತಿಂಗಳಲ್ಲಿ ಕೋಮಲಾಳ ತಲೆಗೂದಲು ಉದುರಿತು. ಈ ಆಪರೇಷನ್ ಆದವರಿಗೆ ಹಾಗಾಗುವುದುಂಟು, ಮತ್ತೆ ಬರುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಲಮ್ಮನಿಗೂ ಅದು ಗೊತ್ತಿತ್ತು. ಆದರೂ ಹಪ್ಪಳ ಕೊಳ್ಳಲು ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. "ಕೂದಲೆಲ್ಲ ಹೋಯಿತು. ಮುಖದ ಕಳೆಯೇ ಇಳಿದುಹೋಯಿತು. ಏನು ಮಾಡೋದು, ಯಾರ ಮಾತು ಕೇಳ್ತಾಳೆ" ಎಂದಳು. ಕೇಳಿದವರು ಅಯ್ಯೋ ಪಾಪ ಅಂದರೆ ಅವಳ ಎದೆ ಸ್ವಲ್ಪ ತಣ್ಣಗಾಗುತ್ತಿತ್ತು. ಯಾರಾದರೂ "ಚೆನ್ನಾಗಿ ಕಾಣ್ತಾಳೆ ಬಿಡಿ" ಅಂದರೆ ಅವರಿಗೆ ಕೊಡುವ ಹಪ್ಪಳದಲ್ಲಿ ಮುರಿದವು ಹೆಚ್ಚು ಬೀಳುತ್ತಿದ್ದವು. ತಾನು ಬೇಕೆಂದೇ ಹಾಗೆ ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿರಲಿಲ್ಲ.

ಒಂದು ದಿನ ತಾಯಿ ಮಗಳು ನೆಂಟರ ಮನೆಗೆಂದು ಬಸ್ಸು ಹತ್ತಿದರು. ಮೊದಲೆಲ್ಲ ಇಬ್ಬರು ಕೂರುವ ಸೀಟಿನಲ್ಲಿ ಒಬ್ಬೊಬ್ಬರೇ ಕೂರಬೇಕಾಗುತ್ತಿತ್ತು. ಈ ಸಲ ಮಗಳು ತಾಯಿಯ ಪಕ್ಕದಲ್ಲೇ ಕೂತಳು. "ಅವ್ವಾ, ನೋಡು, ಹಿಡಿಸಿದೆ" ಎಂದು ಖುಷಿಪಟ್ಟಳು. ಎದುರು ಕೂತಿದ್ದ ಹೆಂಗಸು ಇಬ್ಬರನ್ನೂ ನೋಡಿ ಕೋಮಲಾಳನ್ನು ಕೇಳಿದಳು: "ಇವರು ನಿಮಗೆ ಏನಾಗಬೇಕು?"

"ನಮ್ಮ ತಾಯಿ."

"ಹೌದಾ? ನೋಡಿದರೆ ಗೊತ್ತೇ ಆಗೋದಿಲ್ಲ."

ಮಗಳು ನಕ್ಕಳು. ಹಾಲಮ್ಮ ಕಿಟಕಿಯ ಕಡೆ ತಿರುಗಿದಳು. ಮೂವತ್ತೆರಡು ವರ್ಷ ಊರೆಲ್ಲ ಒಂದೇ ಎರಕ ಅಂದಿತ್ತು. ನಗುವವರು ನಕ್ಕಾಗ ಪಾಲು ಹಂಚಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬಳಿದ್ದಳು. ಈಗ ಆ ಇನ್ನೊಬ್ಬಳು ಎದ್ದು ನಗುವವರ ಕಡೆ ಹೋಗಿ ಕೂತಳು ಎಂದು ಹಾಲಮ್ಮನಿಗೆ ಅನ್ನಿಸಿತು. ಬಸ್ಸು ಇಳಿಯುವಾಗ ಮಗಳು ಕೈ ಚಾಚಿದಳು. ತಾಯಿ ಆ ಕೈ ಹಿಡಿಯದೆ ಕಂಬಿ ಹಿಡಿದು ಇಳಿದಳು.

ಆಮೇಲೆ ಅವಳು ಮಗಳ ಎದುರು ಉಣ್ಣುವುದನ್ನು ಬಿಟ್ಟಳು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಬೇಗ ಬೇಗ ಉಣ್ಣುತ್ತಿದ್ದಳು. ಮಗಳು ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತರೆ ಅವಳಿಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಮಗಳ ತೋಳಿನ ಚರ್ಮ ಜೋಲುಬಿದ್ದದ್ದನ್ನು ಅವಳು ಗಮನಿಸಿ ಇಟ್ಟುಕೊಂಡಿದ್ದಳು. ಮನಸ್ಸು ತಾಳದ ದಿನ ಅದನ್ನೇ ನೆನೆಯುತ್ತಿದ್ದಳು.

ಯುಗಾದಿ ಬಂತು. ಹಬ್ಬದ ಹಿಂದಿನ ದಿನ ಕೋಮಲಾ ತನ್ನ ಬೀರು ಖಾಲಿ ಮಾಡಿದಳು. ಹಳೆಯ ಚೂಡಿದಾರ, ರವಿಕೆ, ನೈಟಿಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಗಂಟು ಕಟ್ಟಿ ತಾಯಿಯ ಮುಂದೆ ಇಟ್ಟಳು.

"ಅವ್ವಾ, ಇವೆಲ್ಲ ಹೊಸವೇ ಇವೆ. ನಿನಗೆ ಸರಿಯಾಗಿ ಆಗುತ್ತೆ" ಎಂದಳು. ಅವಳ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ಹಾಲಮ್ಮ ಗಂಟನ್ನು ಒಳಗೆ ಒಯ್ದಿಟ್ಟಳು. ಮಗಳು ಕಳಚಿ ಎಸೆದ ಮೈಯನ್ನೇ ತನಗೆ ಉಡಲು ಕೊಟ್ಟ ಹಾಗೆ ಅವಳಿಗಾಯಿತು. ಆ ಸಂಜೆ ಅವಳು ಕಡಲೆಬೇಳೆ ನೆನೆಹಾಕಿದಳು.

ಹಬ್ಬದ ದಿನ ಮಗಳು ಬೇವಿನ ಎಸಳನ್ನು ಮಾತ್ರ ಬಾಯಿಗೆ ಹಾಕಿಕೊಂಡು ಬೆಲ್ಲವನ್ನು ಪಕ್ಕಕ್ಕಿಟ್ಟಳು. ಊಟಕ್ಕೆ ಕೂತಾಗ ಹಾಲಮ್ಮ ಮಗಳ ತಟ್ಟೆಗೆ ಎರಡು ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಮಗಳು ತಟ್ಟೆ ನೋಡಿದಳು. ಆಮೇಲೆ ತಾಯಿಯ ಮುಖ ನೋಡಿದಳು.

"ಹಬ್ಬದ ದಿನ ಒಂದು ತಿಂದರೆ ಏನೂ ಆಗೋದಿಲ್ಲ. ತಿನ್ನು" ಎಂದಳು ಹಾಲಮ್ಮ. ಹೇಳುವಾಗ ಅವಳು ಮುಗುಳ್ನಕ್ಕಳು.

ಕೋಮಲಾ ಹೋಳಿಗೆ ಮುರಿದು ತಿಂದಳು. ಒಂದು ಮುಗಿಸಿದಳು. ಎರಡನೆಯದರಲ್ಲಿ ಅರ್ಧ ತಿಂದಳು. ತಿನ್ನುವಷ್ಟು ಹೊತ್ತೂ ತಾಯಿಯ ಮುಖದಿಂದ ಕಣ್ಣು ತೆಗೆಯಲಿಲ್ಲ.

ಎದ್ದು ಕೈ ತೊಳೆದ ಸ್ವಲ್ಪ ಹೊತ್ತಿಗೆ ಮಗಳ ಹಣೆ ಬೆವರಿತು. ಎದೆ ಡವಡವ ಹೊಡೆದುಕೊಂಡಿತು. ಹೊಟ್ಟೆ ಕಿವುಚಿತು. ಕಾಲು ನಿಲ್ಲದೆ ಅಡುಗೆಮನೆಯ ಬರಿ ನೆಲದ ಮೇಲೆ ಮಲಗಿಬಿಟ್ಟಳು. ಕೈಕಾಲು ನಡುಗುತ್ತಿದ್ದವು.

ಹಾಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಹೆದರಿಕೆಯಾಯಿತು. ಆದರೆ ಹೆದರಿಕೆ ಬರುವುದಕ್ಕೆ ಮೊದಲು, ಒಂದೇ ಒಂದು ಗಳಿಗೆ, ಅವಳೊಳಗೆ ಹಾಯೆನಿಸಿತು. ಬಹಳ ದಿನಗಳಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು. ನೆಲದ ಮೇಲೆ ಬಿದ್ದ ಮಗಳು ಮತ್ತೆ ಅವಳ ಕೈಗೆ ಬಂದಿದ್ದಳು. ಈ ಸಲ ಹಾಲಮ್ಮ ತನಗೆ ಅನ್ನಿಸಿದ್ದನ್ನು ಪೂರ್ತಿಯಾಗಿ ನೋಡಿದಳು. ನೋಡಿ, ಗೋಡೆ ಹಿಡಿದುಕೊಂಡಳು.

ಆಮೇಲೆ ಹೋಗಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಳಿ ಹಾಕಿದಳು. ಆಸ್ಪತ್ರೆಗೆ ಫೋನ್ ಮಾಡಿದಳು. ಸಿಹಿ ಒಮ್ಮೆಲೇ ಕರುಳಿಗೆ ಇಳಿದದ್ದರಿಂದ ಹೀಗಾಗಿದೆ, ಮಲಗಿಸಿರಿ, ಗಂಟೆಯೊಳಗೆ ಇಳಿಯದಿದ್ದರೆ ಕರೆತನ್ನಿ ಎಂದರು. ಗಂಟೆಯೊಳಗೆ ಇಳಿಯಿತು. ಬೆವರು ಆರಿತು. ಮಗಳು ಕಣ್ಣು ಬಿಟ್ಟಳು.

"ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತಲ್ಲೇ. ಯಾಕೆ ತಿಂದೆ?" ಎಂದು ಹಾಲಮ್ಮ ಕೇಳಿದಳು.

ಮಗಳು ಹೇಳಿದಳು: "ಮೂರು ತಿಂಗಳಿಂದ ನೀನು ನನ್ನ ಮುಖ ನೋಡಿ ನಕ್ಕಿರಲಿಲ್ಲವ್ವ. ಇವತ್ತು ಬಡಿಸುವಾಗ ನಕ್ಕೆ."

ಹಾಲಮ್ಮನ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ಆ ಮನೆಯಲ್ಲಿ ಅಷ್ಟು ದಿನ ಯಾರೂ ಆಡದ ಮಾತನ್ನು ಅವಳು ಆಡಿದಳು.

"ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೇ. ಹೆತ್ತ ಮಗಳ ಮೇಲೆ. ನನಗೂ ಆಪರೇಷನ್ ಮಾಡ್ತೀರಾ ಅಂತ ಡಾಕ್ಟರನ್ನು ಕೇಳಿದ್ದೆ. ಆಗೋದಿಲ್ಲ ಅಂದರು. ನೀನು ಹಗುರಾಗಿ ಹೋಗಿಬಿಟ್ಟೆ. ನಾನು ಇದೇ ಮೈಯಲ್ಲಿ ಉಳಿದುಬಿಟ್ಟೆ. ಹೋಳಿಗೆ ತಿಂದರೆ ನಿನಗೆ ಏನಾಗುತ್ತೆ ಅಂತ ಗೊತ್ತಿದ್ದೇ ಬಡಿಸಿದೆ."

ಇಷ್ಟು ಹೇಳಿ ಅವಳು ಮಗಳು ತನ್ನ ತೊಡೆಯಿಂದ ತಲೆ ಎತ್ತುವುದನ್ನು ಕಾದಳು. ಮಗಳು ಎತ್ತಲಿಲ್ಲ. ಅವಳ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಅದನ್ನು ಒರೆಸಬೇಕೋ ಬೇಡವೋ ಹಾಲಮ್ಮನಿಗೆ ತಿಳಿಯಲಿಲ್ಲ.

"ಡಾಕ್ಟರನ್ನು ಕೇಳಿದ್ದು ನನಗೆ ಯಾಕೆ ಹೇಳಲಿಲ್ಲ?" ಎಂದಳು ಮಗಳು.

"ಹೇಳಿದ್ದರೆ ನೀನು ಮಾಡಿಸಿಕೊಳ್ಳುತ್ತಿರಲಿಲ್ಲ."

ಅದು ನಿಜವಾಗಿತ್ತು.

ಮಾರನೆಯ ದಿನ ಹಾಲಮ್ಮ ತನ್ನ ತಟ್ಟೆಯನ್ನು ಅಡುಗೆಮನೆಯಿಂದ ಹೊರಗೆ ತಂದು ಮಗಳ ಎದುರು ಕೂತಳು. ಮಗಳದು ನಾಲ್ಕಾರು ಚಮಚ ಅನ್ನ, ಒಂದಿಷ್ಟು ಬೇಳೆ. ಅಷ್ಟನ್ನೇ ಅಗಿದು ಅಗಿದು ಉಣ್ಣಲು ಅವಳಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ತಾಯಿ ಅವಳ ಜೊತೆಗೇ ನಿಧಾನವಾಗಿ ಉಂಡಳು. ಅಂದಿನಿಂದ ಹಾಗೇ ನಡೆಯಿತು. ಹಾಲಮ್ಮ ಬಹಳ ಇಳಿದಳೆಂದು ಹೇಳಲಾರೆ. ನಾಲ್ಕೈದು ಕಿಲೋ ಇಳಿದಳು, ಅದರಲ್ಲಿ ಎರಡು ತಿರುಗಿ ಬಂತು. ಹೊಟ್ಟೆಕಿಚ್ಚೂ ಹೋಗಿಬಿಡಲಿಲ್ಲ. ಮಗಳು ಹೊಸ ಸೀರೆ ಉಟ್ಟು ಹೊರಟ ದಿನ, ಯಾರೋ ಅವಳನ್ನು ಹೊಗಳಿದ ದಿನ, ಅದು ಬರುತ್ತಿತ್ತು. ಅಂಥ ದಿನ ಹಾಲಮ್ಮ ಊಟಕ್ಕೆ ಕೂರುವ ಮೊದಲೇ ಹೇಳಿಬಿಡುತ್ತಿದ್ದಳು.

"ಇವತ್ತು ಬಂದಿದೆ ಕಣೇ."

"ಬರಲಿ. ನೀನು ಕೂತ್ಕೋ" ಎನ್ನುತ್ತಿದ್ದಳು ಮಗಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಗುರುಗಳೇ, ಗೊತ್ತಿದ್ದೂ ಬಡಿಸಿದ್ದು ತಾಯಿ. ಗೊತ್ತಿದ್ದೂ ತಿಂದದ್ದು ಮಗಳು. ಇಬ್ಬರಲ್ಲಿ ಹೆಚ್ಚಿನ ತಪ್ಪು ಯಾರದು?"

ಗುರುಗಳು ಹೇಳಿದರು: "ನೀನು ಇನ್ನೂ ತಪ್ಪು ಹುಡುಕುತ್ತ ಕೂತಿದ್ದೀಯೆ, ಅವರಿಬ್ಬರೂ ಉಂಡು ಎದ್ದಾಯಿತು."