ಅವ್ವನ ಮುಖ

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ರುದ್ರಮುನಿ ಅಜ್ಜನವರು ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ ಕಾಲ. ನೀಲಗಂಗಾ ಎಂಬವಳು ಅವರ ಬಳಿ ಒಂಬತ್ತು ವರ್ಷ ಕಲಿತಳು.

ನೀರು, ಕಲ್ಲು, ಎತ್ತು, ಮಂದಿ, ಏನು ಬರೆದರೂ ಜೀವ ಬರುತ್ತಿತ್ತು. ತೀರಿಹೋದ ಅವ್ವನ ಮುಖ ಮಾತ್ರ ಕೈಗೆ ಸಿಗಲಿಲ್ಲ. ಅವಳು ಕುಂಚ ಹಿಡಿದದ್ದೇ ಅದಕ್ಕಾಗಿ.

ಮೂಗು ಸರಿ ಇತ್ತು. ಕಣ್ಣು ಸರಿ ಇತ್ತು. ಹಣೆಯ ಹಚ್ಚೆಯೂ ಸರಿ ಇತ್ತು. ಎಲ್ಲ ಕೂಡಿದರೆ ಯಾರೋ ಬೇರೆ ಹೆಂಗಸು.

ಒಂದು ದಿನ ಹಾಳೆ ಹರಿದು ಗುರುಗಳ ಮುಂದೆ ಕುಳಿತಳು.

"ಅಜ್ಜಾರ, ನಾ ಅವ್ವನ್ನ ಮರ್ತೀನಿ. ಎಂಥಾ ಮಗಳ್ರಿ ನಾನು!"

ಗುರುಗಳು ಅವಳಿಗೆ ಬೆನ್ನು ಮಾಡಿ ಕುಳಿತರು.

"ಸಿಟ್ಟಾದ್ರೇನ್ರಿ?"

"ನೀನ ನೋಡಿ ಹೇಳು."

ನೀಲಗಂಗಾ ನೋಡಿದಳು. ಭುಜ ಸಡಿಲವಾಗಿತ್ತು. ಕಿವಿಯ ಹಿಂದಿನ ಸುಕ್ಕು ಮೆಲ್ಲಗೆ ಅಲುಗುತ್ತಿತ್ತು.

"ಇಲ್ರಿ. ನಗಾಕತ್ತೀರಿ."

"ಮುಖ ಕಾಣದಿದ್ರೂ ತಿಳೀತು. ಈಗ ಹೇಳು, ನಿಮ್ಮವ್ವನ್ನ ನೀ ಎಲ್ಲಿ ಕುಂತು ನೋಡಿದ್ದಿ?"

"ಮನ್ಯಾಗ..." ಎಂದವಳು ತಡೆದಳು.

ಚಿಕ್ಕಂದಿನಲ್ಲಿ ಅವಳ ಕಾಲಿಗೆ ಶಕ್ತಿ ಇರಲಿಲ್ಲ. ಹನ್ನೊಂದು ತುಂಬುವವರೆಗೂ ಅವ್ವ ಅವಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದಳು. ಹೊಲದ ಬದು ದಾಟಿ, ಹಳ್ಳ ದಾಟಿ. ದಾರಿಯುದ್ದಕ್ಕೂ ಮಗ್ಗಿ ಹೇಳಿಸುತ್ತಿದ್ದಳು. ತನಗೆ ಐದರ ಮಗ್ಗಿಯಾಚೆ ಬಾರದಿದ್ದರೂ ನಡುನಡುವೆ "ತಪ್ಪಿತು ನೋಡು" ಅನ್ನುತ್ತಿದ್ದಳು.

"ಬೆನ್ನ ಮ್ಯಾಲ ಕುಂತು ನೋಡೀನ್ರಿ."

"ಏನ್ ಕಾಣ್ತಿತ್ತು?"

"ತುರುಬು. ಹರದ ಕಿವಿ. ಕುತ್ತಿಗಿ ಬೆವರಿಗೆ ಅಂಟಿದ ನಾಕು ಕೂದಲ."

"ಮತ್ತ ಇಷ್ಟ ದಿನಾ ಯಾರ ಮುಖ ಬರದಿ?"

"ಆಕೀದೊಂದು ಫೋಟೋ ಇತ್ರಿ. ಅದನ್ನ ನೆನಸ್ಕೊಂಡು."

"ಅದು ಫೋಟೋದಾಂವ ನೋಡಿದ್ದು. ನೀ ನೋಡಿದ್ದಲ್ಲ."

ಅವಳು ಹೊಸ ಹಾಳೆ ಹಾಸಿದಳು. ಹೊತ್ತು ಇಳಿಯುವವರೆಗೆ ಬರೆದಳು. ಕುತ್ತಿಗೆ, ಕಿವಿ, ತುರುಬು. ಅದರಾಚೆ ಹಳ್ಳಕ್ಕೆ ಇಳಿಯುವ ಹಾದಿ. ಬರೆಯುತ್ತ ಬರೆಯುತ್ತ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಎಷ್ಟೋ ವರ್ಷಗಳ ಮೇಲೆ ಆ ಬೆನ್ನಿನ ಬಿಸಿ ಎದೆಗೆ ತಾಗಿತು. ಕಣ್ಣೀರು ಹಾಳೆಗೆ ಬೀಳದಂತೆ ಪಕ್ಕಕ್ಕೆ ತಿರುಗಿ ಅತ್ತಳು.

ಗುರುಗಳು ಬಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಅಜ್ಜಾರ, ಮುಖ ಇನ್ನೂ ಬರ್ಲಿಲ್ರಿ."

ಗುರುಗಳು ದನಿ ತಗ್ಗಿಸಿದರು.

"ಮೆಲ್ಲಕ 'ಅವ್ವಾ' ಅನ್ನು. ತಿರುಗಿ ನೋಡ್ತಾಳ."